ಮಗುವಿನ ಔಷಧಿ: ಅಳತೆ, ಹೊತ್ತು, ಎಚ್ಚರಿಕೆ

(ವೇಲಚೇರಿಯಲ್ಲಿ ಕೂಡಿದ ಹೋಟೆಲು ಹಾಗೂ ಗಿರಣಿ ಕೆಲಸಗಾರರ ಕುಟುಂಬ ಸಭೆಯಲ್ಲಿ ಸಂಘದ ಪರವಾಗಿ ಮಾಡಿದ ಭಾಷಣ)



ಸಂಘದ ಸಭೆ ಎಂದ ಕೂಡಲೆ ಸಂಬಳ, ಬೋನಸ್ಸು, ವಾರದ ರಜೆ ಇವುಗಳ ಮಾತು ಬರುವುದು ವಾಡಿಕೆ. ಇಂದು ಅವುಗಳನ್ನು ಸ್ವಲ್ಪ ಬದಿಗಿಟ್ಟು, ಗೇಣುದ್ದವೂ ಇಲ್ಲದ ಒಂದು ಸೀಸೆಯ ಬಗ್ಗೆ ಮಾತನಾಡಬೇಕೆಂದು ನಾವು ನಿಶ್ಚಯಿಸಿದ್ದೇವೆ. ಮಗುವಿಗೆ ಗಂಟಲು ಬೇನೆ ಬಂದಾಗ, ಕಿವಿ ಸೋರಿದಾಗ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಎನಿಸಿದಾಗ ಡಾಕ್ಟರು ಬರೆದುಕೊಡುವ ಆಂಟಿಬಯಾಟಿಕ್ ಸಿರಪ್ಪಿನ ಸೀಸೆ ಅದು. ಅದನ್ನು ತರಲು ನಾವು ಅರ್ಧ ದಿನದ ಕೂಲಿ ಕಳೆದುಕೊಳ್ಳುತ್ತೇವೆ. ಆದರೆ ಅದನ್ನು ಸರಿಯಾಗಿ ಕಲಸಿ, ಸರಿಯಾಗಿ ಅಳೆದು, ಸರಿಯಾದ ಹೊತ್ತಿಗೆ ಕುಡಿಸುವುದು ಹೇಗೆಂದು ನಮ್ಮನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಆಸ್ಪತ್ರೆಯಲ್ಲಿ ಸಾಲು ಉದ್ದ. ಡಾಕ್ಟರಿಗೆ ಪುರಸೊತ್ತಿಲ್ಲ. ಅಂಗಡಿಯವನು ತಮಿಳಿನಲ್ಲಿ ಎರಡು ಮಾತು ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗುತ್ತಾನೆ. ಸೀಸೆಯ ಮೇಲೆ ಬರೆದದ್ದು ಇಂಗ್ಲಿಷು. ನಮ್ಮಲ್ಲಿ ಬಹಳ ಮಂದಿ ಊರಿನ ಕನ್ನಡ ಶಾಲೆಯಲ್ಲಿ ಏಳನೆಯದೋ ಎಂಟನೆಯದೋ ಮುಗಿಸಿ ಬಸ್ಸು ಹತ್ತಿದವರು.

ನಾವು ಡಾಕ್ಟರಲ್ಲ. ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ಬಡಿಸಿ ಬೆಳೆದವರು. ಇಲ್ಲಿ ಹೇಳುವುದೆಲ್ಲ ವೈದ್ಯರು ಎಲ್ಲರಿಗೂ ಹೇಳುವ ಮಾತೇ. ಯಾವ ಔಷಧಿ, ಎಷ್ಟು, ಎಷ್ಟು ದಿನ ಎಂಬುದನ್ನು ಗೊತ್ತುಮಾಡತಕ್ಕವರು ಮಗುವನ್ನು ಕಣ್ಣಾರೆ ಕಂಡ ಡಾಕ್ಟರು. ಅವರು ಗೊತ್ತುಮಾಡಿದ್ದು ತಪ್ಪಿಲ್ಲದೆ ಮಗುವಿನ ಹೊಟ್ಟೆ ಸೇರುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಅಡುಗೆ ಭಟ್ಟರು ಎಷ್ಟು ಚೆನ್ನಾಗಿ ಮಾಡಿದ್ದರೂ ಬಡಿಸುವವನು ತಪ್ಪಿದರೆ ಊಟ ಕೆಡುತ್ತದೆಂಬುದು ನಮಗಿಂತ ಹೆಚ್ಚಾಗಿ ಯಾರಿಗೆ ಗೊತ್ತು?

ಎಲ್ಲ ಜ್ವರಕ್ಕೂ ಇದು ಮದ್ದಲ್ಲ

ಮೊದಲು ಈ ಔಷಧಿ ಏನೆಂಬುದನ್ನು ತಿಳಿದುಕೊಳ್ಳೋಣ. ಕಣ್ಣಿಗೆ ಕಾಣದ ರೋಗಾಣುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಬ್ಯಾಕ್ಟೀರಿಯಾ, ಇನ್ನೊಂದು ವೈರಸ್. ಆಂಟಿಬಯಾಟಿಕ್ ಔಷಧಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಇಲ್ಲವೆ ಅದು ಬೆಳೆಯದಂತೆ ತಡೆಯುತ್ತದೆ. ವೈರಸ್ಸಿನ ಮೇಲೆ ಅದರ ಆಟ ನಡೆಯದು. ಮಕ್ಕಳಿಗೆ ಬರುವ ನೆಗಡಿ, ಸಾಮಾನ್ಯ ಕೆಮ್ಮು, ಬಹುಪಾಲು ಭೇದಿ, ಡೆಂಗ್ಯೂ ಜ್ವರ ಇವೆಲ್ಲ ಹೆಚ್ಚಾಗಿ ವೈರಸ್ಸಿನಿಂದ ಬರತಕ್ಕವು. ಅವುಗಳಿಗೆ ಈ ಸಿರಪ್ಪು ಕುಡಿಸಿದರೆ ದುಡ್ಡೂ ದಂಡ, ಮಗುವಿನ ಹೊಟ್ಟೆಯೂ ಕೆಡುತ್ತದೆ. ಆದುದರಿಂದ "ಬೇಗ ಗುಣವಾಗುವ ಬಲವಾದ ಔಷಧಿ ಕೊಡಿ" ಎಂದು ಡಾಕ್ಟರನ್ನು ಪೀಡಿಸಬಾರದು. "ಇದಕ್ಕೆ ಆಂಟಿಬಯಾಟಿಕ್ ಬೇಡ" ಎಂದು ಹೇಳಿ ಕಳಿಸುವ ಡಾಕ್ಟರು ನಮ್ಮನ್ನು ಕಡೆಗಣಿಸಿದರೆಂದು ತಿಳಿಯಬಾರದು; ಅವರು ನಮ್ಮ ಹಣವನ್ನೂ ಮಗುವನ್ನೂ ಕಾಪಾಡಿದರೆಂದೇ ತಿಳಿಯಬೇಕು.

ಬೇಕಾದ ಕಡೆ ಮಾತ್ರ ಇದು ಸಂಜೀವಿನಿಯೇ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿಯುವ ಮೊದಲು ನ್ಯುಮೋನಿಯಾ ಬಂದ ಮಕ್ಕಳು ಉಳಿಯುವುದು ದೈವದ ಮಾತಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ 1954ರಲ್ಲಿ ಪುಣೆಯ ಬಳಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆ ಸ್ಥಾಪನೆಯಾಯಿತು. 1981ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಕರ್ನಾಟಕ ಆಂಟಿಬಯಾಟಿಕ್ಸ್ ಮತ್ತು ಫಾರ್ಮಾಸ್ಯುಟಿಕಲ್ಸ್ ಹುಟ್ಟಿತು. ಅಂದರೆ ಈ ಔಷಧಿ ಬಡವರ ಮನೆಗೂ ತಲಪಲೆಂದು ದೇಶವೇ ದುಡಿದಿದೆ. ಅದನ್ನು ಹಾಳುಮಾಡುವ ಹಕ್ಕು ನಮಗಿಲ್ಲ.

ಹಾಳಾಗುವುದು ಹೇಗೆ ಎನ್ನುವಿರೋ? ಬೇಕಿಲ್ಲದಾಗ ಕುಡಿದು, ಬೇಕಾದಾಗ ಅರೆಬರೆ ಕುಡಿದು ನಡೆದರೆ ರೋಗಾಣುಗಳು ಔಷಧಿಗೆ ಪಳಗುತ್ತವೆ. 2010ರಲ್ಲಿ ಹೊರಬಂದ ಒಂದು ಸಂಶೋಧನೆಯಲ್ಲಿ ಅತಿ ಬಲವಾದ ಔಷಧಿಗೂ ಬಗ್ಗದ ರೋಗಾಣುಗಳು ಸಿಕ್ಕಿದವೆಂದು ತಿಳಿಸಿದ ಊರುಗಳಲ್ಲಿ ನಮ್ಮ ಚೆನ್ನೈಯೂ ಒಂದು. 2012ರ ಆಗಸ್ಟಿನಲ್ಲಿ ದೇಶದ ವೈದ್ಯ ಸಂಘಗಳ ಪ್ರತಿನಿಧಿಗಳು ಇದೇ ಪಟ್ಟಣದಲ್ಲಿ ಸೇರಿ ಇದನ್ನು ತಡೆಯುವ ದಾರಿಯನ್ನು ಚರ್ಚಿಸಿದರು. ಅದಕ್ಕೆ ಚೆನ್ನೈ ಘೋಷಣೆ ಎಂದೇ ಹೆಸರು. 2014ರಿಂದ ಹಲವು ಆಂಟಿಬಯಾಟಿಕ್ಕುಗಳನ್ನು ಎಚ್-1 ಎಂಬ ಪಟ್ಟಿಗೆ ಸೇರಿಸಿ, ಡಾಕ್ಟರ ಚೀಟಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡೇ ಮಾರಬೇಕೆಂದು ಕಾನೂನು ಬಂತು. ಚೀಟಿಯಿಲ್ಲದೆ ಕೊಳ್ಳಬಾರದ ಔಷಧಿಯ ಪಟ್ಟಿಯ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ಓದಲು ಬಾರದಿದ್ದರೂ ಕೆಂಪು ಗೆರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಪಕ್ಕದ ಮನೆಯ ಮಗುವಿಗೆ ಗುಣವಾಯಿತೆಂದು ಅದೇ ಸೀಸೆಯ ಹೆಸರು ಹೇಳಿ ಚೀಟಿಯಿಲ್ಲದೆ ತರುವುದನ್ನು ಇಂದಿನಿಂದಲೇ ಬಿಡಬೇಕು.

ಡಾಕ್ಟರ ಮುಂದೆ ಬಾಯಿ ಬಿಡಿ

ನಮ್ಮವರಲ್ಲಿ ಒಂದು ಸಂಕೋಚವಿದೆ. ದೊಡ್ಡವರನ್ನು ಎರಡು ಸಲ ಕೇಳಿದರೆ ಸಿಟ್ಟಾದಾರು ಎಂಬ ಅಂಜಿಕೆ. ಹೋಟೆಲಿನಲ್ಲಿ ಗಿರಾಕಿ "ತಿಂಡಿ ಏನುಂಟು?" ಎಂದು ನಾಲ್ಕು ಸಲ ಕೇಳಿದರೂ ಮಾಣಿ ನಾಲ್ಕು ಸಲವೂ ಪಾಠ ಒಪ್ಪಿಸುತ್ತಾನೆ. ನಮ್ಮ ಮಗುವಿನ ಜೀವದ ವಿಷಯವಾಗಿ ನಾವು ಎರಡು ಸಲ ಕೇಳಿದರೆ ಅದು ಉದ್ಧಟತನವಲ್ಲ.

ಡಾಕ್ಟರಿಗೆ ನಾವಾಗಿಯೇ ಹೇಳಬೇಕಾದ ಮಾತು ಮೂರು. ಮೊದಲನೆಯದು ಮಗುವಿನ ತೂಕ. ಮಗುವಿನ ಔಷಧಿಯ ಪ್ರಮಾಣ ತೂಕದ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಅಲ್ಲಿಯೇ ತೂಗಿಸಿರಿ. ಎರಡನೆಯದು, ಹಿಂದೆ ಯಾವುದಾದರೂ ಔಷಧಿಯಿಂದ ಮೈಮೇಲೆ ದದ್ದು ಎದ್ದಿತ್ತೇ, ಮುಖ ಬಾತಿತ್ತೇ ಎಂಬುದು. ಪೆನಿಸಿಲಿನ್ ಜಾತಿಯ ಔಷಧಿ ಕೆಲವರ ಮೈಗೆ ಒಗ್ಗುವುದಿಲ್ಲ. ಮೂರನೆಯದು, ಈಗಾಗಲೆ ಬೇರೆ ಯಾವ ಔಷಧಿ ಕೊಡುತ್ತಿದ್ದೇವೆ ಎಂಬುದು. ನಾಟಿ ಮದ್ದಾದರೂ ಸರಿ, ಮರೆಮಾಡದೆ ಹೇಳಿರಿ.

ಕೇಳಿಕೊಳ್ಳಬೇಕಾದ ಮಾತು ನಾಲ್ಕು. ಒಂದು ಸಲಕ್ಕೆ ಎಷ್ಟು ಮಿಲಿಲೀಟರ್? ದಿನಕ್ಕೆ ಎಷ್ಟು ಸಲ, ಎಷ್ಟು ಗಂಟೆಗೊಮ್ಮೆ? ಎಷ್ಟು ದಿನ? ಊಟಕ್ಕೆ ಮೊದಲೋ, ಊಟದ ಜೊತೆಯೋ, ಆಮೇಲೋ? ಉತ್ತರವನ್ನು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಳ್ಳಿರಿ. ಬರೆದುಕೊಂಡದ್ದನ್ನು ಅವರ ಮುಂದೆಯೇ ಒಮ್ಮೆ ಓದಿ ಹೇಳಿರಿ. ಆರ್ಡರು ತೆಗೆದುಕೊಂಡ ಮೇಲೆ ಗಿರಾಕಿಯ ಮುಂದೆ ಅದನ್ನೇ ತಿರುಗಿ ಹೇಳುವ ಅಭ್ಯಾಸ ನಮಗಿದೆಯಲ್ಲ, ಅದೇ ಇದು.

ಭಾಷೆಯ ತೊಡಕೂ ಉಂಟು. ತಮಿಳಿನಲ್ಲಿ "ಮುನ್ನಾಡಿ" ಎಂದರೆ ಮೊದಲು ಎಂದರ್ಥ. ಕನ್ನಡದ ಕಿವಿಗೆ ಅದು "ಮುಂದೆ" ಎಂದು ಕೇಳಿಸಿ, ಊಟವಾದ ಮೇಲೆ ಎಂದು ತಿಳಿಯುವ ಸಂಭವವಿದೆ. "ಮೂಣು ವೇಳೈ" ಎಂದರೆ ಮೂರು ಹೊತ್ತು. "ಒಣ್ಣರೈ" ಎಂದರೆ ಒಂದೂವರೆ. ಬಂದು ಹತ್ತು ವರ್ಷವಾದವರಿಗೆ ಇದು ನಗುವ ಮಾತು. ಹೋದ ತಿಂಗಳು ಊರಿಂದ ಬಂದ ತಾಯಿಗೆ ನಗುವ ಮಾತಲ್ಲ. ಅಂಥವರ ಜೊತೆ ತಮಿಳು ಬಲ್ಲ ನೆರೆಯವರೊಬ್ಬರು ಹೋಗಬೇಕು. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. ಬಿ.ಡಿ. ಎಂದರೆ ದಿನಕ್ಕೆರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ.

ಅಂಗಡಿಯಲ್ಲಿ ನೋಡಬೇಕಾದುದು

ಸೀಸೆ ಕೈಗೆ ಬಂದೊಡನೆ ಅದರ ಹೆಸರು ಚೀಟಿಯ ಹೆಸರಿಗೆ ಹೊಂದುತ್ತದೆಯೇ, ಗಡುವು ಮುಗಿದಿದೆಯೇ, ಮುಚ್ಚಳದ ಸೀಲು ಭದ್ರವಾಗಿದೆಯೇ ನೋಡಿರಿ. ಬಿಲ್ಲನ್ನು ತಪ್ಪದೆ ಕೇಳಿರಿ. ಬಿಲ್ಲಿನಲ್ಲಿ ಬ್ಯಾಚ್ ನಂಬರು ಇರಬೇಕು. ಇದು ಬರಿಯ ಲೆಕ್ಕಪತ್ರದ ಮಾತಲ್ಲ. 2025ರ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ಪು ಕುಡಿದು ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ಸಿರಪ್ಪು ತಯಾರಾದದ್ದು ನಮಗೆ ದೂರವಲ್ಲದ ಕಾಂಚೀಪುರ ಜಿಲ್ಲೆಯಲ್ಲಿ. ತಮಿಳುನಾಡಿನ ಔಷಧ ನಿಯಂತ್ರಣ ಇಲಾಖೆ ಪರೀಕ್ಷಿಸಿದಾಗ ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇಕಡಾ 48.6ರಷ್ಟಿತ್ತು. ಇರಬಹುದಾದ ಮಿತಿ ಶೇಕಡಾ 0.1 ಮಾತ್ರ. ಯಾವ ಸೀಸೆಗಳು ವಿಷದವು ಎಂಬುದನ್ನು ಗುರುತಿಸಿ ಹಿಂದಕ್ಕೆ ಪಡೆಯಲು ನೆರವಾಗುವುದು ಆ ಬ್ಯಾಚ್ ನಂಬರೇ. ಈ ವಿಷದ ಕತೆ ಹೊಸದೂ ಅಲ್ಲ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ರೋಗಾಣುನಾಶಕ ಔಷಧಿಯನ್ನು ಇದೇ ದ್ರವದಲ್ಲಿ ಕರಗಿಸಿ ಮಾರಿದಾಗ ನೂರಕ್ಕೂ ಹೆಚ್ಚು ಜನ ಸತ್ತರು. 1972ರಲ್ಲಿ ಇದೇ ಮದರಾಸಿನಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳು ಇದೇ ವಿಷಕ್ಕೆ ಬಲಿಯಾದರು.

ಇದನ್ನು ಹೇಳಿದ್ದು ನಿಮ್ಮನ್ನು ಹೆದರಿಸಲಿಕ್ಕಲ್ಲ. ಸಿರಪ್ಪೆಲ್ಲ ವಿಷವೆಂದು ತಿಳಿದು ಡಾಕ್ಟರು ಬರೆದ ಆಂಟಿಬಯಾಟಿಕ್ಕನ್ನು ಚೆಲ್ಲಿಬಿಟ್ಟರೆ ಅದೂ ಅಪಾಯವೇ. ಆದರೆ ಕೆಮ್ಮಿನ ಸಿರಪ್ಪೇ ಬೇರೆ, ಆಂಟಿಬಯಾಟಿಕ್ ಸಿರಪ್ಪೇ ಬೇರೆ ಎಂಬುದು ತಿಳಿದಿರಲಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ಪು ಕೊಡಲೇಬಾರದೆಂದೂ, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡವೆಂದೂ ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ಸೂಚನೆ ಕೊಟ್ಟಿದೆ.

ಪುಡಿಯನ್ನು ಕಲಸುವುದು

ಮಕ್ಕಳ ಆಂಟಿಬಯಾಟಿಕ್ಕು ಹೆಚ್ಚಾಗಿ ಸೀಸೆಯಲ್ಲಿ ಒಣ ಪುಡಿಯಾಗಿ ಬರುತ್ತದೆ. ನೀರು ಬೆರೆತ ಮೇಲೆ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ. ಅದಕ್ಕಾಗಿಯೇ ಒಣಗಿಸಿ ಮಾರುತ್ತಾರೆ. ಆಗುವುದಾದರೆ ಅಂಗಡಿಯ ಫಾರ್ಮಸಿಸ್ಟರಿಂದಲೇ ಕಲಸಿಸಿಕೊಳ್ಳುವುದು ಉತ್ತಮ. ಮನೆಯಲ್ಲಿ ಕಲಸುವುದಾದರೆ ಕ್ರಮ ಹೀಗೆ.

ಕೈಯನ್ನು ಸೋಪು ಹಾಕಿ ತೊಳೆಯಿರಿ. ಸೀಸೆಯನ್ನು ಬುಡಮೇಲು ಮಾಡಿ ತಟ್ಟಿ, ತಳಕ್ಕೆ ಗಂಟುಕಟ್ಟಿದ ಪುಡಿಯನ್ನು ಸಡಿಲಿಸಿರಿ. ಜೊತೆಗೆ ನೀರಿನ ಪುಟ್ಟ ಸೀಸೆ ಕೊಟ್ಟಿದ್ದರೆ ಅದನ್ನೇ ಹಾಕಿರಿ. ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರು. ಟ್ಯಾಂಕರ್ ನೀರಾಗಲಿ, ಕ್ಯಾನ್ ನೀರಾಗಲಿ ಕುದಿಸದೆ ಬಳಸಬೇಡಿರಿ. ಬಿಸಿ ನೀರನ್ನೂ ಹಾಕಬೇಡಿರಿ, ಔಷಧಿ ಕೆಡುತ್ತದೆ. ಸೀಸೆಯ ಮೇಲೆ ಒಂದು ಗೆರೆಯೋ ಬಾಣದ ಗುರುತೋ ಇರುತ್ತದೆ. ಮೊದಲು ಆ ಗೆರೆಗಿಂತ ಸ್ವಲ್ಪ ಕೆಳಗಿನವರೆಗೆ ನೀರು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿರಿ. ನೊರೆ ಇಳಿದ ಮೇಲೆ ನೋಡಿದರೆ ಮಟ್ಟ ತಗ್ಗಿರುತ್ತದೆ. ಆಗ ಸರಿಯಾಗಿ ಗೆರೆಯವರೆಗೆ ತುಂಬಿ ಮತ್ತೊಮ್ಮೆ ಕುಲುಕಿರಿ. ನೀರು ಕಡಿಮೆಯಾದರೆ ಪ್ರತಿ ಚಮಚದಲ್ಲಿಯೂ ಔಷಧಿ ಹೆಚ್ಚು. ನೀರು ಹೆಚ್ಚಾದರೆ ಔಷಧಿ ಕಡಿಮೆ. ಬರಲಿಲ್ಲವೆಂದು ಸಾಂಬಾರಿಗೆ ನೀರು ಹೊಯ್ದಂತೆ ಇದಕ್ಕೆ ಮತ್ತೆ ಮತ್ತೆ ಹೊಯ್ಯುವಂತಿಲ್ಲ.

ಕಲಸಿದ ದಿನ, ಗಂಟೆಯನ್ನು ಸೀಸೆಯ ಮೇಲೆ ಬರೆದಿಡಿರಿ. ಬಹಳ ಔಷಧಿಗಳಿಗೆ ಆ ಬಳಿಕ ಏಳು ದಿನದ ಆಯುಷ್ಯ. ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಕಡಿಮೆ. ಸೀಸೆಯ ಮೇಲೆ ಬರೆದಿರುವುದೇ ಪ್ರಮಾಣ. ಪೆಟ್ಟಿಗೆಯ ಮೇಲಿನ ಗಡುವು ಇನ್ನೆರಡು ವರ್ಷವಿದೆಯೆಂದು ಕಲಸಿದ ಸಿರಪ್ಪನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಬಾರದು. ಆ ಗಡುವು ಒಣ ಪುಡಿಗೆ ಮಾತ್ರ.

ಅಳತೆ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರೋಣ. ಕಾಫಿಯ ಡಿಕಾಕ್ಷನ್ ನೋಡಿದ್ದೀರಿ. ಮೊದಲ ಡಿಕಾಕ್ಷನ್ ಒಂದು ಲೋಟ, ಎರಡನೆಯದು ಒಂದು ಲೋಟ. ಲೋಟ ಒಂದೇ, ಕಸುವು ಬೇರೆ. ಗಿರಣಿಯ ಸೋದರರಿಗೆ ಹೇಳುವುದಾದರೆ 40ನೇ ನಂಬರಿನ ನೂಲೂ 80ನೇ ನಂಬರಿನ ನೂಲೂ ದೂರದಿಂದ ಒಂದೇ ಬಿಳುಪು, ಕೈಗೆ ಬಂದರೆ ಬೇರೆ. ಸಿರಪ್ಪೂ ಹಾಗೆಯೇ. ಒಂದೇ ಹೆಸರಿನ ಔಷಧಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸೀಸೆಯಲ್ಲಿಯೂ ಬರುತ್ತದೆ, 250 ಇರುವ ಸೀಸೆಯಲ್ಲಿಯೂ ಬರುತ್ತದೆ. ಡಾಕ್ಟರು ಮಗುವಿಗೆ 125 ಮಿಲಿಗ್ರಾಂ ಎಂದು ಗೊತ್ತುಮಾಡಿದ್ದರೆ ಮೊದಲ ಸೀಸೆಯಲ್ಲಿ 5 ಮಿಲಿಲೀಟರ್ ಕೊಡಬೇಕು, ಎರಡನೆಯದರಲ್ಲಿ ಎರಡೂವರೆ ಮಾತ್ರ. ಹೋದ ಸಲ ಒಂದು ಚಮಚ ಕೊಟ್ಟಿದ್ದೆವೆಂದು ಈ ಸಲವೂ ಒಂದು ಚಮಚ ಕೊಟ್ಟರೆ ಎರಡರಷ್ಟು ಹೋದಂತಾಗುತ್ತದೆ. ಅಂಗಡಿಯವನು "ಅದೇ ಔಷಧಿ, ಕಂಪೆನಿ ಮಾತ್ರ ಬೇರೆ" ಎಂದು ಕೊಟ್ಟರೆ ಈ ಅಂಕಿಯನ್ನು ಚೀಟಿಯೊಡನೆ ತಾಳೆನೋಡದೆ ಹಣ ಕೊಡಬೇಡಿರಿ.

ಜ್ವರದ ಪ್ಯಾರಾಸಿಟಮಾಲಿಗೂ ಇದೇ ಮಾತು. ಕೈಗೂಸುಗಳಿಗೆ ಹನಿಯಾಗಿ ಕೊಡುವ ಪುಟ್ಟ ಸೀಸೆಯಲ್ಲಿ ಸಾಮಾನ್ಯವಾಗಿ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಔಷಧಿ 5 ಮಿಲಿಲೀಟರಿನಲ್ಲಿ ಹರಡಿರುತ್ತದೆ. ಸಿರಪ್ಪಿನ ಅಳತೆಯಲ್ಲಿ ಹನಿಯ ಔಷಧಿ ಕುಡಿಸಿದರೆ ಮಗುವಿನ ಯಕೃತ್ತಿಗೆ, ಅಂದರೆ ಲಿವರಿಗೆ, ದೊಡ್ಡ ಅಪಾಯ.

ಅಡುಗೆಮನೆಯ ಚಮಚದಿಂದ ಅಳೆಯಲೇಬಾರದು. ಒಂದು ಟೀ ಚಮಚವೆಂದರೆ 5 ಮಿಲಿಲೀಟರ್ ಎಂಬುದು ಪುಸ್ತಕದ ಲೆಕ್ಕ. ನಮ್ಮ ಹೋಟೆಲಿನಲ್ಲಿಯೇ ಸಕ್ಕರೆ ಚಮಚ ಒಂದು ಅಳತೆ, ಐಸ್‌ಕ್ರೀಮಿನ ಚಮಚ ಇನ್ನೊಂದು, ಊಟದ ಚಮಚ ಮತ್ತೊಂದು. ಸೀಸೆಯ ಜೊತೆ ಬರುವ ಗೆರೆಯಿರುವ ಮುಚ್ಚಳವನ್ನೋ, ಸೂಜಿಯಿಲ್ಲದ ಸಿರಿಂಜನ್ನೋ ಬಳಸಬೇಕು. ಎಳೆಯ ಮಕ್ಕಳಿಗೆ ಸಿರಿಂಜೇ ಒಳ್ಳೆಯದು. ಮುಚ್ಚಳದಲ್ಲಿ ಅಳೆಯುವಾಗ ಕೈಯಲ್ಲಿ ಎತ್ತಿ ಹಿಡಿಯದೆ, ಸಮನಾದ ಜಾಗದಲ್ಲಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿರಿ.

ಪ್ರತಿ ಸಲವೂ ಅಳೆಯುವ ಮೊದಲು ಸೀಸೆಯನ್ನು ಕುಲುಕಿರಿ. ಸೌಟನ್ನು ತಳಕ್ಕೆ ಹಾಕಿ ಕಲಕದೆ ಸಾಂಬಾರು ಬಡಿಸಿದರೆ ಮೊದಲ ಪಂಕ್ತಿಗೆ ತಿಳಿನೀರು, ಕೊನೆಯ ಪಂಕ್ತಿಗೆ ಬರಿಯ ಬೇಳೆ. ಕುಲುಕದ ಸೀಸೆಯಲ್ಲಿಯೂ ಅದೇ ಆಗುತ್ತದೆ: ಮೊದಲ ದಿನ ಮಗುವಿಗೆ ಸಿಹಿ ನೀರು, ಕೊನೆಯ ದಿನ ಗಟ್ಟಿ ಔಷಧಿ. ರೋಗ ಮೊದಲ ದಿನ ಕುಗ್ಗುವುದಿಲ್ಲ, ಕೊನೆಯ ದಿನ ಮಗುವಿನ ಹೊಟ್ಟೆ ತಡೆಯುವುದಿಲ್ಲ.

ಹೊತ್ತು

ನಮ್ಮ ಬದುಕಿನಲ್ಲಿ ಹೊತ್ತು ಎಂಬುದೇ ಇಲ್ಲವೆಂದರೂ ಸರಿ. ತಂದೆ ಬೆಳಗಿನ ಜಾವ ನಾಲ್ಕಕ್ಕೆ ಇಡ್ಲಿ ಒಲೆ ಹಚ್ಚಲು ಹೋದರೆ ಮಧ್ಯಾಹ್ನ ಒಂದು ಗಳಿಗೆ ಬಂದು ಮತ್ತೆ ರಾತ್ರಿಯ ಪಾಳಿ. ತಾಯಿ ನಾಲ್ಕು ಮನೆಗಳ ಕೆಲಸಕ್ಕೆ ಹೋಗಿರುತ್ತಾಳೆ. ಮಗು ಅಕ್ಕನ ಕೈಯಲ್ಲಿ, ಇಲ್ಲವೆ ಪಕ್ಕದ ಮನೆಯ ಅಜ್ಜಿಯ ಕೈಯಲ್ಲಿ. ಇಂಥಲ್ಲಿ ಎರಡು ತರದ ತಪ್ಪಾಗುತ್ತದೆ. ಅವರು ಕೊಟ್ಟಿರಬಹುದೆಂದು ಇವರೂ, ಇವರು ಕೊಟ್ಟಿರಬಹುದೆಂದು ಅವರೂ ಬಿಟ್ಟು ಮಗುವಿಗೆ ಔಷಧಿಯೇ ಇಲ್ಲ. ಅಥವಾ ಅವರೂ ಕೊಟ್ಟು, ಇವರೂ ಕೊಟ್ಟು ಮಗುವಿಗೆ ಎರಡೆರಡು. ಇದರಲ್ಲಿ ತಾಯಿಯನ್ನು ಬೈದು ಪ್ರಯೋಜನವಿಲ್ಲ. ಬೇಕಾದುದು ಒಂದು ಲೆಕ್ಕದ ಚೀಟಿ. ಗಲ್ಲಾ ಪೆಟ್ಟಿಗೆಯ ಹತ್ತಿರ ಬಿಲ್ಲು ಚುಚ್ಚುವ ಹಾಗೆ, ಔಷಧಿ ಇಡುವಲ್ಲಿ ಕ್ಯಾಲೆಂಡರಿನ ಒಂದು ಹಾಳೆ ತೂಗುಹಾಕಿರಿ. ಹೊತ್ತನ್ನು ಬರೆದಿಟ್ಟು, ಕೊಟ್ಟವರು ಕೊಟ್ಟ ಕೂಡಲೆ ಒಂದು ಗೀಟು ಹಾಕಬೇಕು. ಗೀಟಿದ್ದರೆ ಕೊಡಬಾರದು, ಗೀಟಿಲ್ಲದಿದ್ದರೆ ಕೊಡಬೇಕು. ಓದು ಬಾರದವರಿಗೂ ಗೀಟು ಬರುತ್ತದೆ. ಅಳೆಯುವ ಕೆಲಸವನ್ನು ಮಾತ್ರ ಸಣ್ಣ ಮಕ್ಕಳ ಕೈಗೆ ಬಿಡಬಾರದು.

ದಿನಕ್ಕೆ ಮೂರು ಸಲವೆಂದರೆ ಆದಷ್ಟು ಎಂಟು ಗಂಟೆಗೊಮ್ಮೆ, ಎರಡು ಸಲವೆಂದರೆ ಹನ್ನೆರಡು ಗಂಟೆಗೊಮ್ಮೆ. ಪಾಳಿಗೆ ಹೊಂದದಿದ್ದರೆ ಡಾಕ್ಟರಿಗೆ ಹೇಳಿರಿ. ದಿನಕ್ಕೆ ಎರಡೇ ಸಲ ಅಥವಾ ಒಂದೇ ಸಲ ಕೊಡುವ ಔಷಧಿಗಳೂ ಉಂಟು, ರೋಗಕ್ಕೆ ಸರಿಯಾದರೆ ಅವರು ಬದಲಿಸಿಯಾರು. ಒಂದು ಹೊತ್ತು ಮರೆತುಹೋದರೆ ನೆನಪಾದ ಕೂಡಲೆ ಕೊಡಿರಿ. ಮುಂದಿನ ಹೊತ್ತು ಹತ್ತಿರವೇ ಬಂದಿದ್ದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನು ಮಾತ್ರ ಕೊಡಿರಿ. ಬಿಟ್ಟುಹೋದದ್ದಕ್ಕೆಂದು ಎರಡನ್ನೂ ಸೇರಿಸಿ ಎಂದಿಗೂ ಕುಡಿಸಬಾರದು. ಓವರ್‌ಟೈಮಿನ ಲೆಕ್ಕ ಔಷಧಿಗೆ ನಡೆಯುವುದಿಲ್ಲ.

ಕುಡಿಸುವ ರೀತಿ

ಮಗುವನ್ನು ಮಲಗಿಸಿ, ಮೂಗು ಹಿಡಿದು, ಬಾಯಿಗೆ ಹೊಯ್ಯುವ ಪದ್ಧತಿ ಊರಲ್ಲಿಯೂ ಉಂಟು, ಇಲ್ಲಿಯೂ ಉಂಟು. ಅದು ಅಪಾಯ, ಔಷಧಿ ಶ್ವಾಸನಾಳಕ್ಕೆ ಹೋದೀತು. ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಸಿರಿಂಜನ್ನು ಕೆನ್ನೆಯ ಒಳಬದಿಗೆ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಬಿಡಿರಿ. ನುಂಗಿದ ಮೇಲೆ ಇನ್ನಷ್ಟು. ಪೂರ್ತಿ ಲೋಟ ಹಾಲಿಗೆ ಬೆರೆಸಬೇಡಿರಿ. ಮಗು ಅರ್ಧ ಕುಡಿದು ಬಿಟ್ಟರೆ ಔಷಧಿ ಎಷ್ಟು ಹೋಯಿತೆಂದು ಹೇಳುವವರಾರು? ಕುಡಿಸಿದ ಅರ್ಧ ಗಂಟೆಯೊಳಗೆ ಪೂರ್ತಿ ವಾಂತಿಯಾದರೆ ಸಾಮಾನ್ಯವಾಗಿ ಅಷ್ಟನ್ನೇ ಮತ್ತೊಮ್ಮೆ ಕೊಡಬಹುದು. ಆಮೇಲೆ ಆದರೆ ಬೇಡ. ಪ್ರತಿ ಸಲವೂ ವಾಂತಿಯಾಗುತ್ತಿದ್ದರೆ ಡಾಕ್ಟರಲ್ಲಿಗೆ ಹೋಗಬೇಕು. ಸಿಹಿಯಾಗಿದೆಯೆಂದು "ಮಿಠಾಯಿ" ಎಂದು ಹೇಳಿ ಕುಡಿಸಬೇಡಿರಿ. ನಾಳೆ ಯಾರೂ ಇಲ್ಲದಾಗ ಮಗು ತಾನೇ ಸೀಸೆ ಎತ್ತೀತು.

ಇಡುವ ಜಾಗ

ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಸಿರಪ್ಪನ್ನು ಕಲಸಿದ ಮೇಲೆ ಫ್ರಿಜ್ಜಿನಲ್ಲಿಯೇ ಇಡಬೇಕು. ಐಸು ಕಟ್ಟುವ ಖಾನೆಯಲ್ಲಿ ಇಡಬಾರದು. ಬೇರೆ ಕೆಲವನ್ನು ಫ್ರಿಜ್ಜಿನಲ್ಲಿ ಇಡಲೇಬಾರದು. ಆದ್ದರಿಂದ ಕೇಳಿಕೊಂಡು ಬನ್ನಿರಿ. ಮನೆಯಲ್ಲಿ ಫ್ರಿಜ್ಜು ಇಲ್ಲದಿದ್ದರೆ ಅದನ್ನು ನಾಚಿಕೆಯಿಲ್ಲದೆ ಡಾಕ್ಟರಿಗೆ ಮೊದಲೇ ಹೇಳಿರಿ. ಫ್ರಿಜ್ಜು ಬೇಡದ ಔಷಧಿ ಹೊಂದುವುದಾದರೆ ಅದನ್ನೇ ಬರೆದಾರು. ಇಲ್ಲವಾದರೆ ನೆರೆಯವರ ಫ್ರಿಜ್ಜಿನಲ್ಲಿ, ಮುಚ್ಚಳವಿರುವ ಡಬ್ಬಿಯೊಳಗೆ ಮಗುವಿನ ಹೆಸರು ಬರೆದು ಇಡಿರಿ. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿ, ತಗಡಿನ ಮಾಡಿನ ಕೆಳಗಿನ ಅಟ್ಟ ಇವು ಯಾವ ಔಷಧಿಗೂ ಜಾಗವಲ್ಲ.

ವೇಲಚೇರಿಯಲ್ಲಿ ಮಳೆಗಾಲವನ್ನೂ ನೆನೆಯಬೇಕು. 2015ರ ಡಿಸೆಂಬರಿನ ಪ್ರವಾಹವನ್ನೂ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನೂ ಇಲ್ಲಿರುವವರು ಮರೆತಿಲ್ಲ. ದಿನಗಟ್ಟಲೆ ಕರೆಂಟಿಲ್ಲ, ಮನೆಯೊಳಗೆ ಮೊಣಕಾಲು ನೀರು. ಫ್ರಿಜ್ಜು ನಿಂತು ಬಹಳ ಹೊತ್ತಾದ ಔಷಧಿಯನ್ನು ಫಾರ್ಮಸಿಸ್ಟರಿಗೆ ತೋರಿಸಿ ಕೇಳದೆ ಬಳಸಬಾರದು. ಪ್ರವಾಹದ ನೀರು ತಾಗಿದ ಸೀಸೆಯನ್ನು ಬಿಸಾಡಲೇಬೇಕು. ಡಾಕ್ಟರ ಚೀಟಿಯನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದರೆ ಕಾಗದ ನೆನೆದರೂ ಔಷಧಿಯ ಹೆಸರು ಉಳಿಯುತ್ತದೆ.

ಎಷ್ಟು ದಿನ, ಯಾವಾಗ ಓಡಬೇಕು

ಎರಡನೆಯ ದಿನ ಜ್ವರ ಬಿಟ್ಟು ಮಗು ಆಡತೊಡಗಿದರೆ ಸೀಸೆಯನ್ನು ಮೂಲೆಗಿಡುವುದು ನಮ್ಮ ಮನೆಗಳ ವಾಡಿಕೆ. ಉಳಿದದ್ದು ಇನ್ನೊಂದು ಸಲಕ್ಕಾದೀತೆಂಬ ಉಳಿತಾಯದ ಬುದ್ಧಿ. ಈ ಉಳಿತಾಯ ಕೆಟ್ಟದ್ದು. ಜ್ವರ ಬಿಟ್ಟಿತೆಂದರೆ ರೋಗಾಣು ಪೂರ್ತಿ ಹೋಯಿತೆಂದಲ್ಲ. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ ಬರುವ ಗಂಟಲು ಬೇನೆಯನ್ನು ಸರಿಯಾಗಿ ಗುಣಪಡಿಸದಿದ್ದರೆ ಕೆಲವು ಮಕ್ಕಳಿಗೆ ರುಮಾಟಿಕ್ ಜ್ವರ ಬಂದು ಹೃದಯದ ಕವಾಟವೇ ಕೆಡುತ್ತದೆ. ಅದಕ್ಕೆಂದೇ ಆ ಗಂಟಲು ಬೇನೆಗೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಬರೆದರೆ ಸಾಮಾನ್ಯವಾಗಿ ಹತ್ತು ದಿನ ಎನ್ನುತ್ತಾರೆ. ಇನ್ನು ಕೆಲವು ರೋಗಕ್ಕೆ ಮೂರು ಅಥವಾ ಐದು ದಿನ ಸಾಕು. ಡಾಕ್ಟರು ಹೇಳಿದಷ್ಟು ದಿನ ಕೊಡಿರಿ; ನಡುವೆ ನಿಲ್ಲಿಸಬೇಡಿರಿ, ಹೆಚ್ಚು ದಿನವೂ ಎಳೆಯಬೇಡಿರಿ. ಉಳಿದ ಔಷಧಿಯನ್ನು ಚರಂಡಿಗೂ ಕೆರೆಗೂ ಚೆಲ್ಲದೆ, ಕಾಫಿಯ ಗಸಿಯಲ್ಲಿ ಕಲಸಿ, ಪೊಟ್ಟಣ ಕಟ್ಟಿ, ಅಪಾಯದ ಕಸವೆಂದು ಬೇರೆಯಾಗಿ ಕೊಡಿರಿ.

ಸ್ವಲ್ಪ ಭೇದಿ, ಸ್ವಲ್ಪ ಹೊಟ್ಟೆ ಕೆಡುವುದು ಈ ಔಷಧಿಯಿಂದ ಉಂಟು. ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಹೇಳಿದಷ್ಟು, ದೊಡ್ಡದಾದರೆ ಒಂದು ಲೀಟರ್, ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಕುಡಿಸಿರಿ. ಮಲದಲ್ಲಿ ರಕ್ತ ಕಂಡರೆ ಡಾಕ್ಟರಲ್ಲಿಗೆ ಹೋಗಬೇಕು. ಮೈಮೇಲೆ ದದ್ದು ಎದ್ದರೆ ಮುಂದಿನ ಹೊತ್ತನ್ನು ಕೊಡುವ ಮೊದಲು ಡಾಕ್ಟರನ್ನು ಕೇಳಬೇಕು. ತುಟಿ, ಮುಖ, ನಾಲಗೆ ಬಾತರೆ, ಉಸಿರು ಕಟ್ಟಿದರೆ ಔಷಧಿ ನಿಲ್ಲಿಸಿ ಆ ಕ್ಷಣವೇ 108ಕ್ಕೆ ಫೋನು ಮಾಡಿರಿ. ಎರಡು ಮೂರು ದಿನ ಸರಿಯಾಗಿ ಕೊಟ್ಟರೂ ಜ್ವರ ಇಳಿಯದಿದ್ದರೆ ತಿರುಗಿ ತೋರಿಸಿರಿ. ಉಸಿರು ಬಹಳ ಜೋರಾಗಿ ಓಡುತ್ತಿದ್ದರೆ, ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಮಗು ಏನನ್ನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸು ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಪಾಳಿ ನೋಡಬೇಡಿರಿ, ಧಣಿಯ ಅಪ್ಪಣೆಗೆ ಕಾಯಬೇಡಿರಿ. ಎಗ್ಮೋರಿನ ಸರ್ಕಾರಿ ಮಕ್ಕಳ ಆಸ್ಪತ್ರೆ ಹಗಲೂ ರಾತ್ರಿಯೂ ತೆರೆದಿದೆ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದೂ ಬೇಡ, ಸಿರಪ್ಪೂ ಬೇಡ, ನೆಟ್ಟಗೆ ಆಸ್ಪತ್ರೆ. ಸಂಶಯ ಬಂದರೆ 104 ನಂಬರಿಗೆ ಫೋನು ಮಾಡಿ ಕೇಳಬಹುದು, ಅದಕ್ಕೆ ಹಣವಿಲ್ಲ.

ಸಂಘದ ಕೆಲಸ

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬ ಸೋದರ ಕೇಳಬಹುದು: "ಹೊತ್ತಿಗೆ ಸರಿಯಾಗಿ ಕುಡಿಸಲು ಮನೆಯಲ್ಲಿ ಯಾರಿದ್ದಾರೆ? ತೋರಿಸಲು ಹಣವೆಲ್ಲಿ?" ಪ್ರಶ್ನೆ ನ್ಯಾಯವಾದದ್ದೇ. ಹತ್ತು ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಹೋಟೆಲಿಗೆ ಇ.ಎಸ್.ಐ. ಕಾನೂನು ಅನ್ವಯಿಸುತ್ತದೆ. 2017ರಿಂದ ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಪಡೆಯುವವರು ಅದರೊಳಗೆ ಬರುತ್ತಾರೆ. 2019ರಿಂದ ನಮ್ಮ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಮುರಿದು, ಧಣಿಗಳು ನೂರಕ್ಕೆ ಮೂರೂಕಾಲು ರೂಪಾಯಿ ಕಟ್ಟುವ ಪದ್ಧತಿ ಬಂದಿದೆ. ಇದರಿಂದ ನಮಗಷ್ಟೇ ಅಲ್ಲ, ನಮ್ಮ ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ನಿಮ್ಮ ಹೆಸರು ಅದರಲ್ಲಿದೆಯೇ, ಮಕ್ಕಳ ಹೆಸರು ಬರೆಸಿದೆಯೇ ಎಂದು ಈ ವಾರವೇ ವಿಚಾರಿಸಿರಿ. ಇಲ್ಲದವರು ಸಂಘಕ್ಕೆ ತಿಳಿಸಿರಿ. ಕಾರ್ಪೊರೇಷನ್ನಿನ ಆರೋಗ್ಯ ಕೇಂದ್ರ ಎಲ್ಲರಿಗೂ ತೆರೆದಿದೆ. ಔಷಧಿಯನ್ನು ಹೊರಗೆ ಕೊಳ್ಳಲೇಬೇಕಾದರೆ ಜನೌಷಧಿ ಅಂಗಡಿಗಳೂ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತೆರೆದ ಮುದಲ್ವರ್ ಮರುಂದಗಂ ಅಂಗಡಿಗಳೂ ಇವೆ. ಬೆಲೆ ಕಡಿಮೆ. ಚೀಟಿ ಮಾತ್ರ ಅಲ್ಲಿಯೂ ಬೇಕು.

ಸಂಘದ ಪರವಾಗಿ ಮೂರು ಕೆಲಸ ಮಾಡೋಣವೆಂದು ಸೂಚಿಸುತ್ತೇವೆ. ಒಂದು, ಸದಸ್ಯರ ಕೇರಿ ಕೇರಿಯಲ್ಲಿ ತಮಿಳು, ಇಂಗ್ಲಿಷು ಓದಬಲ್ಲ ಒಬ್ಬರನ್ನು ಗೊತ್ತುಮಾಡಿ, ಚೀಟಿಯನ್ನೂ ಸೀಸೆಯನ್ನೂ ಓದಿ ಹೇಳುವ ಹೊಣೆ ಕೊಡುವುದು. ಎರಡು, ಗೀಟು ಹಾಕುವ ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಸೂಜಿಯಿಲ್ಲದ ಒಂದೊಂದು ಸಿರಿಂಜಿನೊಡನೆ ಪ್ರತಿ ಮನೆಗೂ ಕೊಡುವುದು. ಮೂರು, ಮಗುವಿಗೆ ಕಾಯಿಲೆಯಾದ ದಿನ ತಂದೆಗೋ ತಾಯಿಗೋ ಎರಡು ಗಂಟೆಯ ಬಿಡುವನ್ನು ಸಂಬಳ ಮುರಿಯದೆ ಕೊಡಬೇಕೆಂದು, ಹೋಟೆಲಿನ ಫ್ರಿಜ್ಜಿನಲ್ಲಿ ಅಂಥ ಒಂದು ಡಬ್ಬಿಗೆ ಜಾಗ ಕೊಡಬೇಕೆಂದು ಧಣಿಗಳನ್ನು ಕೇಳುವುದು. ದಿನಕ್ಕೆ ಸಾವಿರ ಜನರಿಗೆ ಉಣಬಡಿಸುವ ಕೈಗಳು ಕೇಳುತ್ತಿರುವುದು ಒಂದು ಡಬ್ಬಿಯ ಜಾಗ ಮಾತ್ರ.

ಅತಿಯಾದರೆ ಅಮೃತವೂ ವಿಷವೆಂದು ಹಿರಿಯರು ಹೇಳಿದ್ದಾರೆ. ಕಡಿಮೆಯಾದರೆ ಅದೇ ಅಮೃತ ಬರಿಯ ನೀರು. ಅಳತೆ ನಮ್ಮ ಕೈಯಲ್ಲಿದೆ. ಸಭೆ ಮುಗಿದ ಮೇಲೆ ಅಳತೆಯ ಮುಚ್ಚಳವನ್ನೂ ಸಿರಿಂಜನ್ನೂ ಈ ಮೇಜಿನ ಮೇಲಿಟ್ಟಿರುತ್ತೇವೆ. ತಾಯಂದಿರೂ ಅಕ್ಕಂದಿರೂ ಬಂದು ನೀರಿನಲ್ಲಿ ಒಮ್ಮೆ ಅಳೆದು ನೋಡಿಯೇ ಮನೆಗೆ ಹೋಗಬೇಕು. ಗಂಡಸರೂ ಬನ್ನಿರಿ.